ಟೆಕ್ಸಾಸ್ ಶೇ. 10 ಪ್ರವೇಶ ಕಾಯಿದೆ
ಅಮೆರಿಕದ ಟೆಕ್ಸಾಸ್ ರಾಜ್ಯದ ಪ್ರತಿ ಪ್ರೌಢಶಾಲೆಯ ಅಂತಿಮ ತರಗತಿಯಲ್ಲಿ ಮೊದಲ ಶೇ. 10ರೊಳಗೆ ಬರುವ ವಿದ್ಯಾರ್ಥಿಗಳಿಗೆ ರಾಜ್ಯದ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಪ್ರವೇಶದ ಖಾತರಿ ನೀಡುವ ಕಾಯಿದೆ. 1996ರ ಹಾಪ್‌ವುಡ್ ತೀರ್ಪು ಪ್ರವೇಶದಲ್ಲಿ ಜನಾಂಗದ ಪರಿಗಣನೆಯನ್ನು ತಡೆದುದರಿಂದ 1997ರಲ್ಲಿ ಅಂಗೀಕೃತವಾಯಿತು. ಪರೀಕ್ಷಾಂಕಗಳ ರಾಜ್ಯವ್ಯಾಪಿ ಹೋಲಿಕೆಯ ಬದಲು ಆಯಾ ಶಾಲೆಯೊಳಗಿನ ಸ್ಥಾನವೇ ಇದರ ಮಾನದಂಡ. ಹೀಗಾಗಿ ಗ್ರಾಮೀಣ ಹಾಗೂ ಬಡ ಪ್ರದೇಶಗಳ ಶಾಲೆಗಳಿಗೂ ಪ್ರಾತಿನಿಧ್ಯ ಸಾಧ್ಯ. ನೆರೆಹೊರೆಗಳು ಜನಾಂಗ, ಆದಾಯಗಳಿಗನುಗುಣವಾಗಿ ಬೇರ್ಪಟ್ಟಿರುವುದರಿಂದ ಪ್ರವೇಶದಲ್ಲಿ ವೈವಿಧ್ಯವನ್ನು ಪರೋಕ್ಷವಾಗಿ ಉಳಿಸುವುದು ಇದರ ಉದ್ದೇಶ. 2009ರ ತಿದ್ದುಪಡಿ ಆಸ್ಟಿನ್‌ನ ಟೆಕ್ಸಾಸ್ ವಿಶ್ವವಿದ್ಯಾಲಯಕ್ಕೆ ಇಂಥ ಪ್ರವೇಶವನ್ನು ರಾಜ್ಯದ ನಿವಾಸಿಗಳ ಸೀಟುಗಳ ಶೇ. 75ಕ್ಕೆ ಮಿತಿಗೊಳಿಸಲು ಅವಕಾಶವಿತ್ತಿತು. ಕಾಯಿದೆಯಿಂದ ಆಸ್ಟಿನ್ ಸೇರಿದ ಹಿಂದುಳಿದ ಶಾಲೆಗಳ ವಿದ್ಯಾರ್ಥಿಗಳಲ್ಲಿ ಪದವಿ ಪೂರೈಸುವ ಪ್ರಮಾಣ ಹೆಚ್ಚಿದುದನ್ನು ಸಾಂಡ್ರಾ ಬ್ಲ್ಯಾಕ್ ಮತ್ತಿತರ ಅರ್ಥಶಾಸ್ತ್ರಜ್ಞರ ಅಧ್ಯಯನ ದಾಖಲಿಸಿದೆ. ಕ್ಯಾಲಿಫೋರ್ನಿಯ, ಫ್ಲಾರಿಡ ರಾಜ್ಯಗಳೂ ಇದೇ ಬಗೆಯ ಯೋಜನೆಗಳನ್ನು ರೂಪಿಸಿದವು.