ಗೋಡೆಯಿಂದ ಇಳಿದ ಫೋಟೋಗಳು

ಮಾರಾಟಕ್ಕಿಟ್ಟ ಮನೆಯ ಗೋಡೆಯಿಂದ ನಿಮ್ಮ ಕುಟುಂಬದ ಫೋಟೋಗಳನ್ನು ಇಳಿಸಿಡಿ ಎಂಬುದು ಅಮೆರಿಕದಲ್ಲಿ ಮಾಲೀಕರಿಗೆ ಸಾಮಾನ್ಯವಾಗಿ ಸಿಗುವ ಸಲಹೆ. ನಾಟಕದ ರಂಗದಂತೆ ಮನೆಯನ್ನು ಅಣಿಗೊಳಿಸುವ ಈ ಪದ್ಧತಿಯೇ ‘ಹೋಮ್ ಸ್ಟೇಜಿಂಗ್’. 1970ರ ದಶಕದಲ್ಲಿ ಸಿಯಾಟಲ್ ಪ್ರದೇಶದ ಬಾರ್ಬ್ ಶ್ವಾರ್ಟ್ಜ್ ಇದನ್ನು ಬಳಕೆಗೆ ತಂದರು. ಕೊಳ್ಳಲು ಬಂದವರು ಅಲ್ಲಿ ತಮ್ಮ ಬದುಕನ್ನೇ ಕಲ್ಪಿಸಿಕೊಳ್ಳಬೇಕು ಎಂಬುದು ಇದರ ಹಿಂದಿನ ತರ್ಕ.

ಆದರೆ ಫೋಟೋ ಇಳಿಸುವುದು ಎಲ್ಲರಿಗೂ ಬರೀ ಅಲಂಕಾರದ ಮಾತಲ್ಲ. ಸ್ಯಾನ್ ಫ್ರಾನ್ಸಿಸ್ಕೊ ಬಳಿಯ ಮರಿನ್ ಸಿಟಿ, 1942ರಲ್ಲಿ ಹಡಗು ಕಟ್ಟುವ ಕಾರ್ಮಿಕರಿಗಾಗಿ ಎದ್ದ ಊರು. ಯುದ್ಧ ಮುಗಿದ ಮೇಲೆ ಬಿಳಿಯರು ಬೇರೆಡೆ ಮನೆ ಕೊಂಡು ಹೊರಟರು. ಕ್ರಯಪತ್ರಗಳಲ್ಲಿದ್ದ ಜನಾಂಗೀಯ ಷರತ್ತುಗಳು ಮತ್ತು ಸರ್ಕಾರದ ಸಾಲನೀತಿ ಕಪ್ಪು ಜನರನ್ನು ಅಲ್ಲೇ ಹಿಡಿದಿಟ್ಟವು.

2020ರಲ್ಲಿ ಅಲ್ಲಿನ ಕಪ್ಪು ದಂಪತಿ ಸಾಲಕ್ಕಾಗಿ ತಮ್ಮ ಮನೆಗೆ ಬೆಲೆ ಕಟ್ಟಿಸಿದರು. ಅಂದಾಜು ಬಂದದ್ದು 9,95,000 ಡಾಲರ್. ಅನುಮಾನಗೊಂಡ ಅವರು ತಮ್ಮ ಫೋಟೋಗಳನ್ನೂ ಆಫ್ರಿಕಾದ ಕಲಾಕೃತಿಗಳನ್ನೂ ತೆಗೆದು, ಬಿಳಿಯ ಗೆಳತಿಯ ಕುಟುಂಬದ ಫೋಟೋಗಳನ್ನಿಟ್ಟು, ಆಕೆಯನ್ನೇ ಮನೆಯೊಡತಿಯಾಗಿ ನಿಲ್ಲಿಸಿದರು. ಕೆಲವೇ ವಾರಗಳಲ್ಲಿ ಬೇರೊಬ್ಬರು ಕಟ್ಟಿದ ಬೆಲೆ 14,82,500 ಡಾಲರ್. ದಂಪತಿ ಕೋರ್ಟಿಗೆ ಹೋದರು, 2023ರಲ್ಲಿ ರಾಜಿಯಾಯಿತು.

ಎರಡು ಅಂದಾಜುಗಳ ನಡುವೆ ಮನೆಯ ಅಳತೆ ಬದಲಾಗಿರಲಿಲ್ಲ. ಬದಲಾದದ್ದು ಗೋಡೆಯ ಮೇಲಿನ ಮುಖಗಳು.