ಜೋಡಿಸಿದ ಕಂಪ್ಯೂಟರಿನ ಹಿಂದಿನ ಕಥೆ

ಹೊಸದುರ್ಗ ತಾಲ್ಲೂಕಿನ ಶ್ರೀರಾಂಪುರದಲ್ಲಿ ನನ್ನ ಚಿಕ್ಕಪ್ಪನದೊಂದು ಪುಟ್ಟ ಅಂಗಡಿ. ಬೋರ್ಡಿನಲ್ಲಿರುವುದು ಜೆರಾಕ್ಸ್ ಎಂಬ ಹೆಸರು. ಅನ್ನ ಹುಟ್ಟುವುದು ಡಿ.ಟಿ.ಪಿ.ಯಿಂದ. ಮದುವೆಯ ಲಗ್ನಪತ್ರಿಕೆ, ಜಾತ್ರೆಯ ಕರಪತ್ರ, ಸಂಘದ ಲೆಟರ್‌ಹೆಡ್, ಕಚೇರಿಗೆ ಕೊಡುವ ಅರ್ಜಿ ಎಲ್ಲವೂ ಅಲ್ಲಿ ಒಂದೇ ಕಂಪ್ಯೂಟರಿನ ಮೇಲೆ ನಡೆಯಬೇಕು. 2017ರ ಜೂನ್ ತಿಂಗಳು, ಶಾಲೆ ಕಾಲೇಜುಗಳಿಗೆ ಮಕ್ಕಳನ್ನು ಸೇರಿಸುವ ಭರಾಟೆಯ ದಿನಗಳು. ಒಂದು ಬೆಳಿಗ್ಗೆ ಆ ಯಂತ್ರ ಸುಟ್ಟ ವಾಸನೆ ಬೀರಿ ನಿಂತುಹೋಯಿತು.

ಹೊಸ ಕಂಪ್ಯೂಟರ್ ಕೊಳ್ಳುವಷ್ಟು ದುಡ್ಡು ಕೈಯಲ್ಲಿರಲಿಲ್ಲ. ಅದಕ್ಕಿಂತ ದೊಡ್ಡ ಚಿಂತೆ, ಹತ್ತು ವರ್ಷಗಳಿಂದ ಟೈಪ್ ಮಾಡಿಟ್ಟ ಪತ್ರಿಕೆಗಳು, ನಮೂನೆಗಳು ಎಲ್ಲವೂ ಆ ಯಂತ್ರದ ಹಾರ್ಡ್ ಡಿಸ್ಕಿನೊಳಗಿದ್ದವು. 'ನೀನು ಓದಿದವನು, ಬೆಂಗಳೂರಿಗೆ ಹೋಗಿ ಏನು ಬೇಕೋ ತಂದು ಜೋಡಿಸು' ಎಂದರು ಚಿಕ್ಕಪ್ಪ. ಅಲ್ಲಿಯವರೆಗೆ ನಾನು ಕಂಪ್ಯೂಟರಿನ ಮುಚ್ಚಳವನ್ನೂ ತೆಗೆದವನಲ್ಲ. ಆದರೂ ಚೀಟಿಯೊಂದನ್ನು ಜೇಬಿನಲ್ಲಿಟ್ಟುಕೊಂಡು ಬಸ್ ಹತ್ತಿದೆ.

ಮರುದಿನ ಎಸ್.ಪಿ. ರಸ್ತೆಯಿಂದ ಮದರ್‌ಬೋರ್ಡ್, ಪ್ರೊಸೆಸರ್, ರ್‍ಯಾಮ್ ಮತ್ತು ಎಸ್.ಎಂ.ಪಿ.ಎಸ್. ತಂದೆ. ಡಬ್ಬ ಹಳೆಯದೇ, ಹಾರ್ಡ್ ಡಿಸ್ಕೂ ಹಳೆಯದೇ. ನಾಲ್ಕು ಬೇರೆ ಬೇರೆ ಕಂಪನಿಗಳು ಮಾಡಿದ ಈ ವಸ್ತುಗಳು, ಒಂದನ್ನೊಂದು ಎಂದೂ ನೋಡದ ಈ ತುಂಡುಗಳು, ಶ್ರೀರಾಂಪುರದ ಮೇಜೊಂದರ ಮೇಲೆ ಒಂದಕ್ಕೊಂದು ಹೊಂದಿಕೊಂಡವು. ಹೇಗೆ? ಈ ಪ್ರಶ್ನೆಯ ಉತ್ತರದಲ್ಲಿ ಕಂಪ್ಯೂಟರ್ ಚರಿತ್ರೆಯ ಒಂದು ಮುಖ್ಯ ಅಧ್ಯಾಯವೇ ಅಡಗಿದೆ.

ಪ್ರತಿಯೊಂದನ್ನೂ ತಾವೇ ಮಾಡಿದವರು

ಮೊದಲ ತಲೆಮಾರಿನ ಕಂಪ್ಯೂಟರುಗಳನ್ನು 'ಜೋಡಿಸುವ' ಮಾತೇ ಇರಲಿಲ್ಲ, ಅವುಗಳನ್ನು ಕಟ್ಟಬೇಕಿತ್ತು. 1950ರ ದಶಕದ ಮಧ್ಯದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ, ಅಂದರೆ ನಮ್ಮ ಜನರ ಬಾಯಲ್ಲಿ ಟಾಟಾ ಇನ್‌ಸ್ಟಿಟ್ಯೂಟಿಗೆ, ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಿಂದ ವಿನ್ಸೆಂಟ್ ರೈಡೌಟ್ ಎಂಬ ಪ್ರಾಧ್ಯಾಪಕರು ಬಂದರು. ಅವರ ಕಾಲದಲ್ಲಿ ಅಲ್ಲಿ ಒಂದು ಅನಲಾಗ್ ಕಂಪ್ಯೂಟರ್ ನೆಲೆಗೊಂಡಿತು. ಅದಕ್ಕೆ ಬೇಕಾದ ಹೆಚ್ಚುವರಿ ಘಟಕಗಳನ್ನು ವಿನ್ಯಾಸ ಮಾಡಿ ಕಟ್ಟಿದವರಲ್ಲಿ ಒಬ್ಬ ಯುವ ವಿದ್ಯಾರ್ಥಿ ಇದ್ದರು. ಮುಂದೆ ದೇಶದ ಕಂಪ್ಯೂಟರ್ ಶಿಕ್ಷಣಕ್ಕೇ ಗುರುವೆನಿಸಿದ ಪ್ರೊ. ವಿ. ರಾಜಾರಾಮನ್ ಅವರೇ ಆ ವಿದ್ಯಾರ್ಥಿ.

ಅದೇ ಕಾಲದಲ್ಲಿ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಆರ್. ನರಸಿಂಹನ್ ಅವರ ತಂಡ ದೇಶದ್ದೇ ಆದ ಡಿಜಿಟಲ್ ಕಂಪ್ಯೂಟರ್ ಕಟ್ಟುತ್ತಿತ್ತು. 1960ರಲ್ಲಿ ಪೂರ್ಣಗೊಂಡ ಆ ಯಂತ್ರದಲ್ಲಿ ಸುಮಾರು 2,700 ನಿರ್ವಾತ ಕೊಳವೆಗಳಿದ್ದವು. 1962ರಲ್ಲಿ ಅದಕ್ಕೆ ಟಿಫ್ರಾಕ್ ಎಂದು ನಾಮಕರಣ ಮಾಡಿದವರು ಪ್ರಧಾನಿ ನೆಹರೂ. ಇಂಥ ಯಂತ್ರದ ಒಂದು ತುಂಡು ಕೆಟ್ಟರೆ ಅಂಗಡಿಯಿಂದ ಇನ್ನೊಂದು ತಂದು ಹಾಕುವಂತಿರಲಿಲ್ಲ. ಕಟ್ಟಿದವರೇ ರಿಪೇರಿಗೂ ಕೈಹಾಕಬೇಕು.

ಮನೆಯಲ್ಲೇ ಕಂಪ್ಯೂಟರ್ ಜೋಡಿಸುವ ಹವ್ಯಾಸ ಹಬ್ಬಿದ್ದು 1975ರಲ್ಲಿ. ಆ ವರ್ಷದ ಜನವರಿಯಲ್ಲಿ ಅಮೆರಿಕದ 'ಪಾಪ್ಯುಲರ್ ಎಲೆಕ್ಟ್ರಾನಿಕ್ಸ್' ಪತ್ರಿಕೆಯ ಮುಖಪುಟದಲ್ಲಿ ಆಲ್ಟೇರ್ 8800 ಎಂಬ ಡಬ್ಬ ಕಾಣಿಸಿಕೊಂಡಿತು. ಹಣ ಕಳಿಸಿದರೆ ಬಿಡಿಭಾಗಗಳ ಪೊಟ್ಟಣ ಅಂಚೆಯಲ್ಲಿ ಮನೆಗೆ ಬರುತ್ತಿತ್ತು. ಬೆಸುಗೆ ಹಾಕಿ ಜೋಡಿಸಬೇಕಾದವರು ಕೊಂಡವರೇ. ಕೀಬೋರ್ಡೂ ಇಲ್ಲ, ಪರದೆಯೂ ಇಲ್ಲ. ಮುಂಭಾಗದ ಗುಂಡಿಗಳನ್ನು ಮೇಲೆ ಕೆಳಗೆ ಮಾಡಿ ದೀಪ ಮಿನುಗುವುದನ್ನು ನೋಡಬೇಕು, ಅಷ್ಟೆ! ಅದರ ಸ್ಮೃತಿ ಕೇವಲ 256 ಬೈಟ್, ಅಂದರೆ ಒಂದು ಪೋಸ್ಟ್ ಕಾರ್ಡಿನ ಬರಹಕ್ಕೂ ಸಾಲದಷ್ಟು.

ಅವಸರ ತೆರೆದ ಬಾಗಿಲು

ಇಂದಿನ ಡೆಸ್ಕ್‌ಟಾಪ್‌ನ ವಂಶವೃಕ್ಷ ಮಾತ್ರ 1981ರ ಆಗಸ್ಟ್ 12ಕ್ಕೆ ಹೋಗಿ ನಿಲ್ಲುತ್ತದೆ. ಅಂದು ಐಬಿಎಂ ತನ್ನ 'ಪರ್ಸನಲ್ ಕಂಪ್ಯೂಟರ್' ಅನ್ನು ಹೊರತಂದಿತು. ಆ ಕಂಪನಿಯ ವಾಡಿಕೆಯೆಂದರೆ ಪ್ರತಿ ಮೊಳೆಯನ್ನೂ ತಾನೇ ಮಾಡುವುದು. ಈ ಬಾರಿ ಅಷ್ಟು ಸಮಯವಿರಲಿಲ್ಲ. ಡಾನ್ ಎಸ್ಟ್ರಿಜ್ ಅವರ ತಂಡಕ್ಕೆ ಸಿಕ್ಕಿದ್ದು ಸುಮಾರು ಒಂದು ವರ್ಷ ಮಾತ್ರ. ಹಾಗಾಗಿ ಪೇಟೆಯಲ್ಲಿ ಸಿಗುವುದನ್ನೇ ತಂದರು. ಪ್ರೊಸೆಸರ್ ಇಂಟೆಲ್‌ನದು, ಕಾರ್ಯಾಚರಣೆಯ ತಂತ್ರಾಂಶ ಮೈಕ್ರೋಸಾಫ್ಟ್‌ನದು, ಪ್ರಿಂಟರ್ ಎಪ್ಸನ್‌ನದು. ಫ್ಲಾಪಿ ಡ್ರೈವ್ ಭಾರತ ಮೂಲದ ಜುಗಿ ಟಂಡನ್ ಅವರ ಕಂಪನಿಯದು. ಐಬಿಎಂ ಕಂಪ್ಯೂಟರೂ ಒಂದರ್ಥದಲ್ಲಿ ಅಸೆಂಬಲ್ಡ್ ಕಂಪ್ಯೂಟರೇ!

ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಇತರರೂ ಇದಕ್ಕೆ ಹೊಂದುವ ಬಿಡಿಭಾಗ ಮಾಡಲೆಂದು, ಯಂತ್ರದ ಮಂಡಲ ನಕ್ಷೆಗಳನ್ನು ಕೈಪಿಡಿಯಲ್ಲಿ ಅಚ್ಚು ಹಾಕಿ ಮಾರಿತು. ಗುತ್ತಿಗೆಯವನು ಮನೆ ಕಟ್ಟಿ ಅದರ ನಕ್ಷೆಯನ್ನೂ ಊರವರ ಕೈಗೆ ಕೊಟ್ಟಂತಾಯಿತು.

ಆದರೂ ಒಂದು ಬೀಗ ಉಳಿದಿತ್ತು. ಸ್ವಿಚ್ ಒತ್ತಿದ ಕೂಡಲೇ ಯಂತ್ರವನ್ನು ಎಬ್ಬಿಸುವ ಬಯೋಸ್ ಎಂಬ ಚಿಕ್ಕ ತಂತ್ರಾಂಶಕ್ಕೆ ಐಬಿಎಂ ಹಕ್ಕುಸ್ವಾಮ್ಯ ಇಟ್ಟುಕೊಂಡಿತ್ತು. ಅದನ್ನು ನಕಲು ಮಾಡಿದರೆ ಕೋರ್ಟ್ ಮೆಟ್ಟಿಲು ಹತ್ತಬೇಕು. ಇದಕ್ಕೆ ಕಂಡುಕೊಂಡ ಉಪಾಯ ಸ್ವಾರಸ್ಯಕರ. ಎಂಜಿನಿಯರುಗಳ ಒಂದು ಗುಂಪು ಮೂಲವನ್ನು ಓದಿ, ಅದು ಏನೇನು ಕೆಲಸ ಮಾಡುತ್ತದೆ ಎಂಬ ಪಟ್ಟಿಯನ್ನಷ್ಟೇ ಬರೆಯಿತು. ಮೂಲವನ್ನು ಕಣ್ಣಿನಿಂದಲೂ ನೋಡದ ಇನ್ನೊಂದು ಗುಂಪು ಆ ಪಟ್ಟಿಯನ್ನು ಮುಂದಿಟ್ಟುಕೊಂಡು ಹೊಸದಾಗಿ ಬರೆಯಿತು. ಕೆಲಸ ಅದೇ, ಬರಹ ಬೇರೆ! 1982ರ ಕೊನೆಯಲ್ಲಿ ಕಾಂಪ್ಯಾಕ್ ಹೀಗೆ ತನ್ನ ಯಂತ್ರವನ್ನು ಪ್ರಕಟಿಸಿತು. 1984ರಲ್ಲಿ ಫೀನಿಕ್ಸ್ ಎಂಬ ಸಂಸ್ಥೆ ಇಂಥದೇ ಬಯೋಸ್ ಅನ್ನು ಕೇಳಿದವರಿಗೆಲ್ಲ ಮಾರತೊಡಗಿತು. ಆಮೇಲೆ ತೈವಾನಿನ ಕಾರ್ಖಾನೆಗಳು ಐಬಿಎಂಗೆ ಹೊಂದುವ ಮದರ್‌ಬೋರ್ಡುಗಳನ್ನು ಮಾಡಿ ಲೋಕದ ತುಂಬ ಹರಡಿದವು.

ಬೆಂಗಳೂರಿಗೆ ಬಂದದ್ದು

ನಮ್ಮಲ್ಲಿ ಆಗ ಪರಿಸ್ಥಿತಿ ಬೇರೆಯೇ ಆಗಿತ್ತು. ವಿದೇಶಿ ವಿನಿಮಯದ ಕಾಯ್ದೆಗೆ ಒಪ್ಪದೆ ಐಬಿಎಂ 1978ರಲ್ಲಿ ಭಾರತದಿಂದ ಹೊರನಡೆದಿತ್ತು. ಆಮದಿಗೆ ಲೈಸೆನ್ಸು, ಅದರ ಮೇಲೆ ಭಾರಿ ಸುಂಕ. ಆ ತೆರವಿನಲ್ಲಿ ದೇಶಿ ಕಂಪನಿಗಳು ತಲೆಯೆತ್ತಿದವು. ಬೆಂಗಳೂರಿನಲ್ಲಿ ಪಿ.ಎಸ್.ಐ. ಸಂಸ್ಥೆ ಕಂಪ್ಯೂಟರ್ ತಯಾರಿಕೆಗಿಳಿಯಿತು. ಅಡುಗೆ ಎಣ್ಣೆ, ಸಾಬೂನು ಮಾರುತ್ತಿದ್ದ ವಿಪ್ರೊ ಕೂಡ ಇದೇ ಹಾದಿ ಹಿಡಿಯಿತು. ಶ್ರೀಧರ್ ಮಿಟ್ಟ ಅವರ ನೇತೃತ್ವದಲ್ಲಿ, ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲೇ ಅದರ ಸಂಶೋಧನೆ ಶುರುವಾಯಿತು. 1981ರಲ್ಲಿ ಇಂಟೆಲ್ 8086 ಚಿಪ್ ಬಳಸಿದ ಮಿನಿ ಕಂಪ್ಯೂಟರ್ ಅಲ್ಲಿಂದ ಹೊರಬಂತು. ಚಿಪ್ ಹೊರಗಿನದಾದರೂ ಅದರ ಸುತ್ತಲಿನ ಬೋರ್ಡು ಇಲ್ಲಿನ ಎಂಜಿನಿಯರುಗಳ ವಿನ್ಯಾಸ.

1984ರ ನವೆಂಬರಿನಲ್ಲಿ ರಾಜೀವ್ ಗಾಂಧಿ ಸರ್ಕಾರ ಹೊಸ ಕಂಪ್ಯೂಟರ್ ನೀತಿ ತಂದು ಬಿಡಿಭಾಗಗಳ ಆಮದನ್ನು ಸಡಿಲಿಸಿತು. 1991ರ ಆರ್ಥಿಕ ಉದಾರೀಕರಣ ಬಾಗಿಲನ್ನು ಇನ್ನಷ್ಟು ತೆರೆಯಿತು. 1997ರಲ್ಲಿ ಭಾರತ ವಿಶ್ವ ವ್ಯಾಪಾರ ಸಂಸ್ಥೆಯ ಮಾಹಿತಿ ತಂತ್ರಜ್ಞಾನ ಒಪ್ಪಂದಕ್ಕೆ ಸೇರಿತು. ಅದರಂತೆ ಕಂಪ್ಯೂಟರ್ ಮತ್ತು ಬಿಡಿಭಾಗಗಳ ಮೇಲಿನ ಸುಂಕ ಹಂತ ಹಂತವಾಗಿ ಇಳಿದು 2005ರ ಹೊತ್ತಿಗೆ ಸೊನ್ನೆಯಾಯಿತು.

ಈ ಮೂರು ಮೆಟ್ಟಿಲು ಇಳಿದು ಬಂದ ಮಾಲು ಬೆಂಗಳೂರಿನಲ್ಲಿ ಸೇರಿದ ತಾಣವೇ ಎಸ್.ಪಿ. ರಸ್ತೆ, ಅಂದರೆ ಸಾದರ ಪತ್ರಪ್ಪ ರಸ್ತೆ. ಪುರಭವನದಿಂದ ನಡೆದು ಹೋಗುವಷ್ಟು ಹತ್ತಿರದ ಈ ಇಕ್ಕಟ್ಟಾದ ಬೀದಿಯಲ್ಲಿ ಯಂತ್ರದ ಬಿಡಿಭಾಗಗಳ ನಡುವೆ ಮದರ್‌ಬೋರ್ಡುಗಳೂ ಬಂದು ಕೂತವು. 'ಕಂಪನಿ ಮಾಲಾ, ಅಸೆಂಬಲ್ಡಾ?' ಎಂಬ ಮಾತು ಇಡೀ ರಾಜ್ಯಕ್ಕೆ ಪರಿಚಿತವಾಯಿತು. ಕಂಪನಿ ಹೆಸರಿನ ಕಂಪ್ಯೂಟರಿಗಿಂತ ಅಗ್ಗವಾಗಿ, ಬೇಕಾದ ಹಾಗೆ ಕೂಡಿಸಿಕೊಟ್ಟ ಯಂತ್ರಗಳು ಜಿಲ್ಲಾ ಕೇಂದ್ರಗಳ ಟೈಪಿಂಗ್ ಶಾಲೆಗಳನ್ನು ಕಂಪ್ಯೂಟರ್ ಶಾಲೆಗಳನ್ನಾಗಿಸಿದವು. ಸಣ್ಣ ಊರುಗಳ ಮುದ್ರಣಾಲಯಗಳ ಮೊಳೆ ಜೋಡಿಸುವ ಮೇಜುಗಳನ್ನು ತೆರವು ಮಾಡಿಸಿದವು. 'ಬರಹ', 'ನುಡಿ'ಯಂಥ ಕನ್ನಡ ತಂತ್ರಾಂಶಗಳು ಬಂದ ಮೇಲಂತೂ ಹೋಬಳಿ ಮಟ್ಟದಲ್ಲೂ ಡಿ.ಟಿ.ಪಿ. ಒಂದು ಕಸುಬಾಯಿತು.

ಕಪ್ಪಿಗೆ ಕಪ್ಪು

ಆ ದಿನಗಳಲ್ಲಿ ಜೋಡಿಸುವುದು ಈಗಿನಷ್ಟು ಸುಲಭವಿರಲಿಲ್ಲ. 1984ರ ಐಬಿಎಂ 'ಎ.ಟಿ.' ಯಂತ್ರದ ಅಳತೆಯನ್ನೇ ಅನುಸರಿಸಿದ ಡಬ್ಬಗಳಲ್ಲಿ ವಿದ್ಯುತ್ತು ಬರುತ್ತಿದ್ದದ್ದು ಒಂದೇ ರೀತಿ ಕಾಣುವ ಎರಡು ಪ್ಲಗ್ಗುಗಳ ಮೂಲಕ. ಎರಡನ್ನೂ ಅಕ್ಕಪಕ್ಕ ಚುಚ್ಚಬೇಕು. ಎಡದ್ದು ಬಲಕ್ಕೆ ಹೋಯಿತೋ, ಮದರ್‌ಬೋರ್ಡ್ ಸುಟ್ಟಿತೆಂದೇ ಲೆಕ್ಕ. ಎರಡೂ ಪ್ಲಗ್ಗಿನ ಕಪ್ಪು ತಂತಿಗಳು ನಡುವೆ ಒಟ್ಟಿಗೆ ಬರಬೇಕು ಎಂಬುದು ಮೆಕ್ಯಾನಿಕ್ಕುಗಳು ಬಾಯಿಪಾಠ ಮಾಡಿಕೊಂಡಿದ್ದ ಸೂತ್ರ. ಪ್ರೊಸೆಸರಿನ ವೇಗವನ್ನು ಬೋರ್ಡಿನ ಮೇಲಿನ ಚಿಕ್ಕ ಜಂಪರುಗಳನ್ನು ಕಿತ್ತು ಹಾಕಿ ಹೊಂದಿಸಬೇಕಿತ್ತು.

1995ರಲ್ಲಿ ಇಂಟೆಲ್ ಎ.ಟಿ.ಎಕ್ಸ್. ಎಂಬ ಹೊಸ ಅಳತೆಯನ್ನು ಪ್ರಕಟಿಸಿತು. ಬೋರ್ಡಿನ ತೂತುಗಳು ಎಲ್ಲೆಲ್ಲಿರಬೇಕು, ಹಿಂಭಾಗದ ಕಿಂಡಿ ಎಷ್ಟಗಲವಿರಬೇಕು ಎಂಬುದೆಲ್ಲ ಅದರಲ್ಲಿದೆ. ಎರಡು ಪ್ಲಗ್ಗಿನ ಜಾಗಕ್ಕೆ ತಿರುವು ಮುರುವಾಗಿ ಹೋಗಲಾರದ ಒಂದೇ ಪ್ಲಗ್ ಬಂತು. ರ್‍ಯಾಮ್ ಪಟ್ಟಿಯ ಕಚ್ಚು ಸರಿಯಾಗಿ ನಡುವಿನಲ್ಲಿರದೆ ಒಂದು ಬದಿಗೆ ಸರಿದಿರುತ್ತದೆ. ಉಲ್ಟಾ ಹಿಡಿದರೆ ಕೂರುವುದೇ ಇಲ್ಲ. ಡಿಡಿಆರ್-3, ಡಿಡಿಆರ್-4 ಎಂದು ತಲೆಮಾರು ಬದಲಾದಾಗ ಕಚ್ಚಿನ ಜಾಗವೂ ಬದಲು. ಹಳೆಯದು ಹೊಸದರೊಳಗೆ ತಪ್ಪಿಯೂ ಹೋಗದು. ಪ್ರೊಸೆಸರಿನ ಮೂಲೆಯ ಪುಟ್ಟ ತ್ರಿಕೋನ ಮತ್ತು ಸಾಕೆಟ್ಟಿನ ತ್ರಿಕೋನ ಒಂದೆಡೆ ಬಂದರೆ ಸಾಕು. ಓದು ಬರಹವಿಲ್ಲದವರೂ ತಪ್ಪದಂತೆ, ನಿಯಮವನ್ನು ವಸ್ತುವಿನ ಆಕಾರದಲ್ಲೇ ಬರೆದಿಟ್ಟಿದ್ದಾರೆ.

ಶ್ರೀರಾಂಪುರದಲ್ಲಿ ನನ್ನ ಕೈ ಹಿಡಿದದ್ದು ಇದೇ. ಹಳೆಯ ಡಬ್ಬದ ತೂತುಗಳ ಮೇಲೆ ಹೊಸ ಬೋರ್ಡು ಸರಿಯಾಗಿ ಕೂತಿತು. ಬೋರ್ಡು ತಗಡಿಗೆ ತಾಗಿ ಶಾರ್ಟ್ ಆಗದಂತೆ ಅಡಿಯಲ್ಲಿ ಹಿತ್ತಾಳೆಯ ಗೂಟಗಳನ್ನು ಕೊಟ್ಟೆ. ಪ್ರೊಸೆಸರ್ ಇಟ್ಟು, ಅದರ ಮೇಲೆ ಬಿಸಿ ಹೀರುವ ಫ್ಯಾನ್ ಕೂರಿಸಿದೆ. ಚಿಕ್ಕಪ್ಪ ದೇವರ ಪಟಕ್ಕೆ ಕೈಮುಗಿದು ಸ್ವಿಚ್ ಹಾಕಿದರು.

ಫ್ಯಾನ್ ತಿರುಗಿತು, ಪರದೆ ಮಾತ್ರ ಕಪ್ಪು. ಡಬ್ಬದೊಳಗಿನ ಚಿಕ್ಕ ಸ್ಪೀಕರಿನಿಂದ ಬೀಪ್, ಬೀಪ್ ಎಂಬ ಸದ್ದು. 'ಇದೂ ಸುಟ್ಟಿತೇನೋ?' ಎಂದರು ಚಿಕ್ಕಪ್ಪ. ನನ್ನ ಬಾಯಿ ಒಣಗಿತ್ತು. ತಂದ ದುಡ್ಡು ಸಾಲದ್ದು. ಪಕ್ಕದ ಅಂಗಡಿಯವರ ಫೋನಿನಲ್ಲಿ ಹುಡುಕಿದಾಗ ತಿಳಿಯಿತು, ಆ ಬೀಪ್ ಬಯೋಸ್ ಹೇಳುವ ದೂರು. ಬೇರೆಲ್ಲ ಎಬ್ಬಿಸುವ ಮೊದಲು ಅದು ಅಂಗಾಂಗಗಳ ಹಾಜರಿ ಕರೆಯುತ್ತದೆ. ರ್‍ಯಾಮ್ 'ಹಾಜರ್' ಎನ್ನದಿದ್ದರೆ ಹೀಗೆ ಕೂಗುತ್ತದೆ. ಪಟ್ಟಿಯನ್ನು ತೆಗೆದು, ಎರಡೂ ತುದಿಯ ಕೊಂಡಿ 'ಟಕ್' ಎನ್ನುವವರೆಗೆ ಒತ್ತಿ ಕೂರಿಸಿದೆ. ಈ ಸಲ ಪರದೆಯ ಮೇಲೆ ಅಕ್ಷರ ಮೂಡಿತು. ಹಳೆಯ ಹಾರ್ಡ್ ಡಿಸ್ಕಿನ ಕೇಬಲ್ ಹೊಸ ಬೋರ್ಡಿಗೆ ಸಲೀಸಾಗಿ ಹೊಂದಿತು. ವಿಂಡೋಸ್ ಮತ್ತೆ ಹಾಕಿಸಬೇಕಾಯಿತು ನಿಜ, ಆದರೆ ಹತ್ತು ವರ್ಷದ ಲಗ್ನಪತ್ರಿಕೆಗಳೆಲ್ಲ ಹಾಗೇ ಇದ್ದವು.

ಗಳಿಸಿದ್ದೇನು, ಕಳೆದದ್ದೇನು?

ಈ ಕಥೆಗೆ ಇನ್ನೊಂದು ಮುಖವೂ ಇದೆ. ಯಾರು ಬೇಕಾದರೂ ಜೋಡಿಸಬಹುದು ಎಂದಾದ ಮೇಲೆ, ಬೋರ್ಡನ್ನು ಇಲ್ಲೇ ವಿನ್ಯಾಸ ಮಾಡುವ ಕೆಲಸಕ್ಕೆ ಬೆಲೆ ಉಳಿಯಲಿಲ್ಲ. ಸುಂಕ ಇಳಿದಂತೆ ತೈವಾನ್, ಚೀನಾದ ಮಾಲಿನ ಮುಂದೆ ದೇಶಿ ತಯಾರಕರು ಹಿಂದೆ ಸರಿದರು. ಬೆಂಗಳೂರಿನ ಪ್ರಯೋಗಾಲಯದಲ್ಲಿ ಕಂಪ್ಯೂಟರ್ ಕಟ್ಟಿದ್ದ ವಿಪ್ರೊ 2013ರಲ್ಲಿ ತನ್ನ ಹೆಸರಿನ ಪಿ.ಸಿ.ಗಳ ತಯಾರಿಕೆಯನ್ನೇ ನಿಲ್ಲಿಸಿತು. ಕಟ್ಟುವ ವಿದ್ಯೆ ಹೋಯಿತು, ಜೋಡಿಸುವ ವಿದ್ಯೆ ಉಳಿಯಿತು ಎಂದು ಕೊರಗುವವರಿದ್ದಾರೆ. ಆ ಕೊರಗಿನಲ್ಲಿ ಸತ್ಯವಿದೆ.

ಆದರೆ ಕಟ್ಟುವ ವಿದ್ಯೆ ಎಂದೂ ಹೋಬಳಿಗೆ ಬಂದಿರಲಿಲ್ಲ. ಜೋಡಿಸುವ ವಿದ್ಯೆ ಬಂತು. ಈಗ ಅದರ ದಾರಿಯೂ ಕಿರಿದಾಗುತ್ತಿದೆ. ಅನೇಕ ಲ್ಯಾಪ್‌ಟಾಪುಗಳಲ್ಲಿ ರ್‍ಯಾಮ್ ಚಿಪ್ಪುಗಳನ್ನು ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ. ಮೊಬೈಲ್ ಫೋನಿನ ಬೆನ್ನು ಅಂಟಿನಿಂದ ಮುಚ್ಚಿರುತ್ತದೆ. ಒಂದು ತುಂಡು ಕೆಟ್ಟರೆ ಇಡೀ ವಸ್ತುವೇ ಕೆಟ್ಟಂತೆ. 2022ರ ಕೊನೆಯಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 'ದುರಸ್ತಿಯ ಹಕ್ಕಿ'ಗಾಗಿ ಜಾಲತಾಣವೊಂದನ್ನು ತೆರೆದದ್ದು ಈ ಕಾರಣಕ್ಕೇ. ಕೊಂಡ ವಸ್ತುವಿನ ಮುಚ್ಚಳ ತೆಗೆಯುವುದು ಒಂದು ಹಕ್ಕು ಎಂದು ಹೇಳಬೇಕಾದ ಕಾಲ ಬಂದಿದೆ!

ಶ್ರೀರಾಂಪುರದ ಆ ಯಂತ್ರದ ಎಸ್.ಎಂ.ಪಿ.ಎಸ್. 2021ರಲ್ಲಿ ಮತ್ತೆ ಕೈಕೊಟ್ಟಿತು. ನನಗೆ ಫೋನ್ ಬಂದದ್ದು ಕೆಲಸವೆಲ್ಲ ಮುಗಿದ ಮೇಲೆ. ಹೊಸದುರ್ಗದಿಂದ ಹೊಸದೊಂದನ್ನು ತಂದು ಚಿಕ್ಕಪ್ಪ ತಾವೇ ಹಾಕಿದ್ದರು. 'ಪ್ಲಗ್ಗು ಒಂದೇ ಕಡೆ ಹೋಗ್ತದಲ್ಲೋ, ತಪ್ಪೋದು ಹೇಗೆ?' ಎಂದರು.