ಕ್ರಿಸ್‌ಮಸ್‌ಗೆ ಮನೆ ಸಿಂಗಾರ: ನಕ್ಷತ್ರ, ಗೋದಲಿ, ಹಸಿರು



ನಾನು ಗುಮಾಸ್ತನಾಗಿದ್ದ ಕಚೇರಿಯಲ್ಲಿ ಕನ್ನಡ ಮಾತಾಡುವವರು ಇಬ್ಬರೇ. ಒಬ್ಬ ನಾನು, ಇನ್ನೊಬ್ಬರು ಬೀದರ ಕಡೆಯ ಕ್ರೈಸ್ತ ಸಹೋದ್ಯೋಗಿ. ಪ್ರತಿ ಡಿಸೆಂಬರಿನಲ್ಲಿ ಅವರ ಮನೆಗೆ ಹೋಗಿ ಸಿಂಗಾರದ ಕೆಲಸಕ್ಕೆ ಕೈ ಜೋಡಿಸುವುದು ನನಗೆ ರೂಢಿಯಾಗಿತ್ತು. ಅವರು ಈಗಿಲ್ಲ. ಕಳೆದ ವರ್ಷ ಅವರ ಮಗ ಬಂದು, "ಕಾಕಾ, ಅಪ್ಪ ಗೋದಲಿ ಹ್ಯಾಂಗ ಕಟ್ಟತಿದ್ರು? ನಿಮಗ ನೆನಪದ ಏನ್ರಿ?" ಎಂದು ಕೇಳಿದ. ಹಾಸ್ಟೆಲಿನಲ್ಲಿ ಓದಿದ ಹುಡುಗ, ಹಬ್ಬದ ಹಿಂದಿನ ದಿನ ಊರಿಗೆ ಬರುತ್ತಿದ್ದ. ಕಟ್ಟಿದ್ದನ್ನು ನೋಡಿದ್ದ, ಕಟ್ಟುವುದನ್ನು ನೋಡಿರಲಿಲ್ಲ. ನನಗೆ ನೆನಪಿರುವುದನ್ನು ಎಲ್ಲರಿಗೂ ಉಪಯೋಗವಾಗಲೆಂದು ಇಲ್ಲಿ ಬರೆದಿಡುತ್ತಿದ್ದೇನೆ.

ಯಾವಾಗ ಆರಂಭ?

ಕ್ರಿಸ್‌ಮಸ್‌ಗೆ ಮುಂಚಿನ ನಾಲ್ಕು ಭಾನುವಾರಗಳು ಆಗಮನ ಕಾಲ. ಮೊದಲನೆಯ ಭಾನುವಾರ ನವೆಂಬರ್ 27ರಿಂದ ಡಿಸೆಂಬರ್ 3ರೊಳಗೆ ಬರುತ್ತದೆ. ಆಗ ಮನೆ ಸ್ವಚ್ಛ ಮಾಡಿ, ಸುಣ್ಣ ಬಣ್ಣ ಮುಗಿಸಿ, ಬಾಗಿಲಿಗೆ ನಕ್ಷತ್ರ ಕಟ್ಟುತ್ತಾರೆ. ಗೋದಲಿಯಲ್ಲಿ ಮಗುವಿನ ಬೊಂಬೆಯನ್ನು ಮಾತ್ರ 24ರ ರಾತ್ರಿ ಇಡುವುದು. ಅಲ್ಲಿಯವರೆಗೆ ಆ ಜಾಗ ಖಾಲಿ. ಜನವರಿ 6ರಂದು ಜ್ಞಾನಿಗಳ ಹಬ್ಬ. ಅದು ಮುಗಿದ ಮೇಲೆ ಸಿಂಗಾರ ಇಳಿಸುವುದು ಹಲವರ ಪದ್ಧತಿ.

ನಕ್ಷತ್ರ

ಮೂಡಣದ ಜ್ಞಾನಿಗಳಿಗೆ ನಕ್ಷತ್ರವೊಂದು ದಾರಿ ತೋರಿಸಿತೆಂಬ ಪ್ರಸಂಗ ಮತ್ತಾಯನ ಸುವಾರ್ತೆಯಲ್ಲಿದೆ. ಬಾಗಿಲಿನ ನಕ್ಷತ್ರ ಅದರ ಗುರುತು. ದೀಪಾವಳಿಗೆ ಆಕಾಶಬುಟ್ಟಿ ಕಟ್ಟಬಲ್ಲವರು ಇದನ್ನೂ ಕಟ್ಟಬಲ್ಲರು.

ಮೂರು ಅಡಿ ಉದ್ದದ ತೆಳುವಾದ 10 ಬಿದಿರು ಸೀಳು ಬೇಕು. ಐದು ಸೀಳುಗಳನ್ನು ಒಂದರ ಮೇಲೊಂದು ಹಾಯಿಸಿ ಐದು ಮೂಲೆಯ ಚುಕ್ಕಿಯಂತೆ ಕಟ್ಟಿರಿ. ಇಂಥವೆರಡು ಮಾಡಿ, ಒಂದರ ಮೇಲೊಂದಿಟ್ಟು ಐದೂ ತುದಿಗಳನ್ನು ದಾರದಿಂದ ಬಿಗಿಯಿರಿ. ನಡುವೆ ಸೀಳುಗಳು ಹಾಯ್ದ ಐದು ಕಡೆ ಐದಾರು ಇಂಚಿನ ಕಡ್ಡಿ ಸಿಕ್ಕಿಸಿದರೆ ಹೊಟ್ಟೆ ಉಬ್ಬುತ್ತದೆ. ಪತಂಗದ ಕಾಗದವನ್ನು ಮೈದಾ ಅಂಟಿನಿಂದ ಹಚ್ಚಿರಿ. ಬಲ್ಬು ಇಳಿಸಲು ಹಿಂದಿನ ಒಂದು ಭಾಗ ತೆರೆದಿರಲಿ.

ಗೋದಲಿ

ಗೋದಲಿ ಎಂದರೆ ಕೊಟ್ಟಿಗೆಯಲ್ಲಿ ದನಗಳಿಗೆ ಮೇವು ಹಾಕುವ ಜಾಗ. ಛತ್ರದಲ್ಲಿ ಸ್ಥಳವಿಲ್ಲದೆ ಮರಿಯಳು ಮಗುವನ್ನು ಗೋದಲಿಯಲ್ಲಿ ಮಲಗಿಸಿದಳೆಂದು ಲೂಕನ ಸುವಾರ್ತೆ ಹೇಳುತ್ತದೆ. ಅದರಿಂದ ಇಡೀ ದೃಶ್ಯಕ್ಕೇ ಕನ್ನಡದಲ್ಲಿ ಆ ಹೆಸರು ನಿಂತಿದೆ. ಇಟಲಿಯ ಗ್ರೆಚ್ಚೊ ಎಂಬ ಊರಿನಲ್ಲಿ 1223ರಲ್ಲಿ ಅಸಿಸಿಯ ಸಂತ ಫ್ರಾನ್ಸಿಸ್ ಮೇವು, ಎತ್ತು, ಕತ್ತೆಗಳನ್ನಿರಿಸಿ ಈ ದೃಶ್ಯವನ್ನು ಜನರ ಮುಂದೆ ತಂದರು. ಎತ್ತು ಮತ್ತು ಕತ್ತೆ ಸುವಾರ್ತೆಗಳಲ್ಲಿ ಇಲ್ಲ, ಸಂಪ್ರದಾಯದಿಂದ ಬಂದವು. ಜ್ಞಾನಿಗಳು ಮೂವರೆಂಬುದೂ ಹಾಗೆಯೇ.

ಸಹೋದ್ಯೋಗಿ ಜೋಳದ ಕಣಿಕಿಯನ್ನು ಎರಡು ಅಡಿಗೆ ಕತ್ತರಿಸಿ, ಮೇಲೆ ಕೂಡಿಸಿ ಕಟ್ಟಿ, ಮುಂದೆ ಬಾಯಿ ಬಿಟ್ಟು ನಿಲ್ಲಿಸುತ್ತಿದ್ದರು. ಮೊದಲ ಸಲ ನೋಡಿದಾಗ, "ಇದು ನಮ್ಮ ಹೊಲದ ಕೊಂಪಿ ಅಲ್ಲೇನ್ರಿ?" ಎಂದೆ. "ಹೌದ್ರಿ, ಕಣಿಕಿ ನಿಮ್ಮ ಹೊಲದ್ದೇ" ಎಂದು ನಕ್ಕರು.

ನಮ್ಮ ಉಮರ್ಗಾ, ನಿಲಂಗಾ, ಉದಗೀರ ಭಾಗದ ರೈತರು ಎಳ್ಳಮಾವಾಸ್ಯೆಗೆ ಹೊಲದಲ್ಲಿ ಇಂಥದ್ದೇ ಕೊಂಪಿ ಹಾಕಿ ಪಾಂಡವರನ್ನು ಕೂಡಿಸಿ ಪೂಜೆ ಮಾಡುತ್ತಾರೆ. ಆ ಹಬ್ಬವೂ ಇದೇ ದಿನಗಳಲ್ಲಿ ಬರುವುದುಂಟು: 2022ರಲ್ಲಿ ಡಿಸೆಂಬರ್ 23, 2024ರಲ್ಲಿ ಡಿಸೆಂಬರ್ 30. ಎರಡರ ಅರ್ಥ ಬೇರೆ, ಸಾಮಗ್ರಿ ಒಂದೇ. ಅವರ ಗೋದಲಿಯ ಎತ್ತು ಕೂಡ ಪೋಳಾ ಹಬ್ಬಕ್ಕೆ ಕುಂಬಾರರಿಂದ ತಂದ ಮಣ್ಣೆತ್ತೇ.

ಹಸಿರು

ಗೋವಾ ಮತ್ತು ಕರಾವಳಿಯ ಕಡೆ ಗೋದಲಿಯ ಹುಲ್ಲಿಗಾಗಿ ರಾಗಿ ಮೊದಲಾದ ಕಾಳು ಬಿತ್ತಿ ಸಸಿ ಎಬ್ಬಿಸುತ್ತಾರೆ. ನವರಾತ್ರಿಯಲ್ಲಿ ಘಟ ಕೂಡಿಸುವ ನಮಗೆ ಇದು ಹೊಸದಲ್ಲ. ತಟ್ಟೆಯಲ್ಲಿ ಎರಡು ಇಂಚು ಮಣ್ಣು ಹಾಕಿ, ರಾತ್ರಿ ನೆನೆಸಿದ ಗೋಧಿ ಬಿತ್ತಿ, ದಿನಾ ನೀರು ಚಿಮುಕಿಸಿರಿ. ಹಬ್ಬಕ್ಕೆ ಹತ್ತು ಹನ್ನೆರಡು ದಿನ ಮೊದಲು ಬಿತ್ತಿದರೆ ಸರಿಹೋಗುತ್ತದೆ.

ಮರ ಸಿಂಗರಿಸುವ ಪದ್ಧತಿ ಜರ್ಮನ್ ನಾಡಿನಿಂದ ಹರಡಿತು. ದಕ್ಷಿಣ ಭಾರತದಲ್ಲಿ ಅದಕ್ಕೆ ಗಾಳಿಮರದ ಕೊಂಬೆಯನ್ನೂ ಬಳಸುವುದುಂಟು. ಒದ್ದೆ ಮರಳು ತುಂಬಿದ ಬಕೆಟ್ಟಿನಲ್ಲಿ ಕೊಂಬೆ ನೆಟ್ಟರೆ ಬೀಳುವುದಿಲ್ಲ. ಸಿಗದಿದ್ದರೆ ಅಂಗಳದ ಕುಂಡದ ಗಿಡವೇ ಸಾಕು.

ಬೆಂಕಿಯ ಬಗ್ಗೆ ಎಚ್ಚರ

ಒಂದು ವರ್ಷ ಗೋದಲಿಯ ಮುಂದೆ ನಾನೇ ಮೇಣದಬತ್ತಿ ಹಚ್ಚಿಟ್ಟೆ. ಒಣಗಿದ ಕಣಿಕಿಗೆ ಕಿಡಿ ತಗುಲಿ ಕೊಂಪಿ ಅರ್ಧ ಸುಟ್ಟಿತು. ಒದ್ದೆ ಗೋಣಿಚೀಲ ಹೊದಿಸಿ ಆರಿಸಿದೆವು. ಆಮೇಲೆ ಅವರು ಒಳಗೆ ಬ್ಯಾಟರಿಯ ಸಣ್ಣ ಬಲ್ಬನ್ನೇ ಇಟ್ಟರು. ನಕ್ಷತ್ರಕ್ಕೂ ಕಡಿಮೆ ವ್ಯಾಟಿನ ಎಲ್‌ಇಡಿ ಬಲ್ಬೇ ಇರಲಿ, ಅದು ಕಾಗದಕ್ಕೆ ತಾಗದಿರಲಿ. ಹಿಮದಂತೆ ಕಾಣಲೆಂದು ಹತ್ತಿ ಹಾಕುವವರು ಅದನ್ನು ದೀಪದಿಂದ ದೂರವಿಡಬೇಕು. ಮಲಗುವ ಮುನ್ನ ಸ್ವಿಚ್ ಆರಿಸಿರಿ.

ಕಳೆದ ವರ್ಷ ಆ ಹುಡುಗ ಕಟ್ಟಿದ ನಕ್ಷತ್ರದ ಒಂದು ತುದಿ ಸೊಟ್ಟಗಾಗಿತ್ತು. ಗೋದಲಿ ಮಾತ್ರ ನೆಟ್ಟಗೆ ನಿಂತಿತು. ಮರಾಠಿ ಶಾಲೆಗೆ ಹೋಗುವ ಅವನ ಮಗಳು ಪಕ್ಕದಲ್ಲಿ ಕೂತು ಕಣಿಕಿ ಕೊಡುತ್ತಾ, ಕಣಿಕಿ, ಕೊಂಪಿ, ಗೋದಲಿ ಎಂದು ಒಂದೊಂದೇ ಹೆಸರು ಕೇಳಿ ತಿಳಿದಳು.

ನಿಮ್ಮ ಮನೆಯ ಹಿರಿಯರಿಗೆ ಯಾವುದೇ ಹಬ್ಬದ ಇಂಥ ಕೈಕೆಲಸ ಗೊತ್ತಿದ್ದರೆ, ಅವರು ಹೇಳಿದಂತೆಯೇ ಬರೆದು ಸಂಘಕ್ಕೆ ಕಳುಹಿಸಿರಿ, ಈ ಪುಟದಲ್ಲಿ ಹಾಕೋಣ. ಎಲ್ಲರಿಗೂ ಹಬ್ಬದ ಶುಭಾಶಯಗಳು.

ಇಂತಿ,
ಕಾರ್ಯದರ್ಶಿ, ಗುಂಜೋಟಿ